ಹಾಕ್ತೀನಿ ಅಂದೋರೆಲ್ಲ ಹಾಕೋರಲ್ಲ

ಕಳೆದ ತಿಂಗಳು ದಾವಣಗೆರೆಯ ಪಿ.ಬಿ. ರಸ್ತೆಯ ಹೋಟೆಲಿನಲ್ಲಿ ಹೊಸ ಪಕ್ಷವೊಂದರ ಟಿಕೆಟ್ ಆಕಾಂಕ್ಷಿಯೊಬ್ಬರು ಬೆಣ್ಣೆ ದೋಸೆಯ ತಟ್ಟೆ ಪಕ್ಕಕ್ಕೆ ಸರಿಸಿ ಮೊಬೈಲ್ ನನ್ನ ಮುಂದಿಟ್ಟರು. ಅವರ ಹುಡುಗರು ಕ್ಷೇತ್ರದಲ್ಲಿ 400 ಜನರನ್ನು ಮಾತಾಡಿಸಿಕೊಂಡು ಬಂದಿದ್ದರು. 40 ಜನ 'ನಿಮಗೇ ಹಾಕ್ತೀವಿ' ಅಂದಿದ್ದರು.

"ಹತ್ತು ಪರ್ಸೆಂಟ್ ಫಿಕ್ಸ್ ಸಾರ್. ಇನ್ನೇನಿದ್ರೂ ಮೇಲಕ್ಕೆ ಹೋಗೋದಷ್ಟೇ."

ಮತದಾರರ ಸಮೀಕ್ಷೆಯೇ ನನ್ನ ಹೊಟ್ಟೆಪಾಡು. ಸಣ್ಣ ಪಕ್ಷದವರೆಂದರೆ ನನಗೆ ಒಂದು ಬಗೆಯ ಅಕ್ಕರೆಯೂ ಇದೆ, ಸ್ವಂತ ದುಡ್ಡು ಸುರಿದು ಊರೂರು ಅಲೆಯುವವರು ಅವರೇ. ಆದರೆ ಈ 'ಫಿಕ್ಸ್' ಎಂಬ ಮಾತು ಕೇಳಿದಾಗ ಮಾತ್ರ ಮೈ ಉರಿಯುತ್ತದೆ.

ಜಗಳೂರು ಕಡೆಯ ಹಳ್ಳಿಯೊಂದರಲ್ಲಿ ಶೇಂಗಾ ಬಿಡಿಸುತ್ತಾ ಕೂತಿದ್ದ ಅಜ್ಜಿಯನ್ನು ಒಮ್ಮೆ ಕೇಳಿದ್ದೆ. "ಆ ಹುಡುಗ ಭಾಳ ಒಳ್ಳೇನಪ್ಪ, ಈ ಸಲ ಅವ್ನಿಗೇ ಹಾಕೋದು" ಅಂದರು. ಬರೆದುಕೊಂಡೆ. ಎದ್ದು ಹೊರಡುವಾಗ ಒಂದು ಹಿಡಿ ಶೇಂಗಾ ಕೈಗಿಟ್ಟು, "ನಮ್ಮನಿ ಓಟು ಮಾತ್ರ ಹಸ್ತಕ್ಕೇ ಬಿಡು, ಅದು ಯಾವತ್ತೂ ತಪ್ಪಲ್ಲ" ಅಂದರು. ಅಜ್ಜಿ ಸುಳ್ಳು ಹೇಳಲಿಲ್ಲ. ಮೊದಲನೆಯದು ಆಶೀರ್ವಾದ, ಎರಡನೆಯದು ಓಟು. ಹುಡುಗರ ಹಾಳೆಯಲ್ಲಿ ಎರಡಕ್ಕೂ ಇರುವುದು ಒಂದೇ ಕಾಲಮ್ಮು.

ಹಾಗಾಗಿ ಬೆಂಬಲ ಗಟ್ಟಿಯೋ ಜಾಳೋ ಎಂದು ತಿಳಿಯಲು ನಾವು ಇನ್ನೂ ಮೂರು ಪ್ರಶ್ನೆ ಕೇಳುತ್ತೇವೆ. ಹೋದ ಸಲ ಯಾರಿಗೆ ಹಾಕಿದ್ರಿ? ಇವರು ನಿಲ್ಲದಿದ್ದರೆ ಯಾರಿಗೆ? ಗೆಲ್ಲಲ್ಲ ಅಂತ ಗೊತ್ತಾದರೂ ಇವರಿಗೇ ಹಾಕ್ತೀರಾ? ಮೂರನೆಯದಕ್ಕೆ ಬಾಯಿಂದ ಬರುವ ಉತ್ತರಕ್ಕಿಂತ ಉತ್ತರಕ್ಕೆ ಮುಂಚಿನ ಮೌನವನ್ನು ನೋಡಬೇಕು. 'ಓಟು ವೇಸ್ಟ್ ಆಗುತ್ತೆ' ಎಂಬ ಭಯ ಸಣ್ಣ ಪಕ್ಷವನ್ನು ಕೊನೆಯ ವಾರದಲ್ಲಿ ತಿನ್ನುವಷ್ಟು ಬೇರೆ ಯಾವುದೂ ತಿನ್ನುವುದಿಲ್ಲ.

ಆಕಾಂಕ್ಷಿಗಳು ಇಲ್ಲಿಯವರೆಗೆ ಒಪ್ಪುತ್ತಾರೆ. ಮುಂದಿನದನ್ನು ಮಾತ್ರ ಎಷ್ಟು ಸಲ ಹೇಳಿದರೂ ಒಪ್ಪುವುದಿಲ್ಲ. 400 ಜನರನ್ನು ಸರಿಯಾಗಿ ಆರಿಸಿ ಕೇಳಿದ್ದರೆ ಆ ಹತ್ತು ಪರ್ಸೆಂಟು ಏಳೂ ಇರಬಹುದು, ಹದಿಮೂರೂ ಇರಬಹುದು. ಸರಿ. ಆದರೆ 'ಈ ಬೆಂಬಲ ಎಷ್ಟು ಗಟ್ಟಿ' ಎಂಬ ಪ್ರಶ್ನೆಗೆ ಉತ್ತರ ಕೊಡುವವರು 400 ಜನ ಅಲ್ಲ, ಆ 40 ಜನ ಮಾತ್ರ. ಅವರಲ್ಲಿ 24 ಜನ 'ಏನೇ ಆದರೂ ಇವರಿಗೇ' ಅಂದರೆ ನೂರಕ್ಕೆ ಅರವತ್ತು ಗಟ್ಟಿ ಎಂದು ವರದಿಯಲ್ಲಿ ಬರುತ್ತದೆ. ನಲವತ್ತೇ ಜನರ ಮಾತಿನಲ್ಲಿ ಹೆಚ್ಚುಕಡಿಮೆಯ ಅಂತರ ಎರಡೂ ಕಡೆಗೆ ಸುಮಾರು 15. ಅಂದರೆ ನಿಜವಾದ ಅಂಕಿ 45ರಿಂದ 75ರವರೆಗೆ ಎಲ್ಲಿ ಬೇಕಾದರೂ ಇರಬಹುದು. ದೊಡ್ಡ ಪಕ್ಷಕ್ಕೆ ಅದೇ 400ರಲ್ಲಿ 160 ಬೆಂಬಲಿಗರು ಸಿಗುವುದರಿಂದ ಅವರ ಲೆಕ್ಕ ಅಷ್ಟೊಂದು ಅಲುಗಾಡುವುದಿಲ್ಲ. ಪಕ್ಷ ಸಣ್ಣದಾದಷ್ಟೂ ಅದರ ಗಟ್ಟಿತನ ಅಳೆಯುವುದು ಕಷ್ಟ, ಅಳತೆ ಹೆಚ್ಚು ಬೇಕಾದದ್ದೂ ಅದಕ್ಕೇ.

"ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕಲ್ವಾ ಸಾರ್?" ಎಂದು ಈಚೆಗೆ ಒಬ್ಬರು ಕೇಳಿದರು. ಒಂದೇ ನೀರು, ಒಂದೇ ಉರಿ ಇದ್ದ ಪಾತ್ರೆಗಾದರೆ ಸಾಕು. ಸಣ್ಣ ಪಕ್ಷದ ಓಟು ಹಾಗಿರುವುದಿಲ್ಲ. ಒಂದು ಹೋಬಳಿಯಲ್ಲಿ ಬೆಂದಿರುತ್ತದೆ, ಪಕ್ಕದ ಹೋಬಳಿಯಲ್ಲಿ ಅಕ್ಕಿ ಅಕ್ಕಿಯಾಗೇ ಇರುತ್ತದೆ.

2013ನ್ನು ನೆನೆಸಿಕೊಳ್ಳಿ. ಯಡಿಯೂರಪ್ಪನವರ ಕರ್ನಾಟಕ ಜನತಾ ಪಕ್ಷ ರಾಜ್ಯದಲ್ಲಿ ಹತ್ತಿರ ಹತ್ತಿರ ಶೇ 10ರಷ್ಟು ಮತ ಪಡೆಯಿತು, ಸೀಟು ಆರು. ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ಹೊನ್ನಾಳಿಯಲ್ಲಿ ರೇಣುಕಾಚಾರ್ಯರು ಅದೇ ಪಕ್ಷದಿಂದ ನಿಂತು ಸೋತರು. 2014ರ ಜನವರಿಗೆ ಪಕ್ಷವೇ ಬಿಜೆಪಿಯಲ್ಲಿ ಸೇರಿಹೋಯಿತು, ಮೇ ತಿಂಗಳಲ್ಲಿ ಬಿಜೆಪಿ ರಾಜ್ಯದಲ್ಲಿ 17 ಲೋಕಸಭಾ ಸ್ಥಾನ ಗೆದ್ದಿತು. ಮೋದಿ ಅಲೆ ಇತ್ತು, ಎಲ್ಲವನ್ನೂ ಈ ಲೆಕ್ಕಕ್ಕೇ ಕಟ್ಟಲಾರೆ. ಪಕ್ಕದ ಮೊಳಕಾಲ್ಮೂರಿನಲ್ಲಿ ಅದೇ 2013ರಲ್ಲಿ ಶ್ರೀರಾಮುಲು ಅವರ ಬಿಎಸ್ಆರ್ ಕಾಂಗ್ರೆಸ್ಸಿನಿಂದ ಎಸ್. ತಿಪ್ಪೇಸ್ವಾಮಿ ಗೆದ್ದಿದ್ದರು. 2018ರಲ್ಲಿ ಶ್ರೀರಾಮುಲು ಅವರೇ ಬಿಜೆಪಿಯಿಂದ ಅಲ್ಲಿ ಬಂದು ನಿಂತು ಗೆದ್ದರು, ತಿಪ್ಪೇಸ್ವಾಮಿ ಪಕ್ಷೇತರರಾಗಿ ನಿಂತು ಸೋತರು. ಐದು ವರ್ಷದ ಹಿಂದಿನ ಓಟು ಪಕ್ಷದ್ದೋ ಶಾಸಕರದ್ದೋ ನಾಯಕರದ್ದೋ ಎಂಬುದು ಆವತ್ತು ಅವರಿಬ್ಬರಿಗೂ ಗೊತ್ತಾಗಿರಬೇಕು.

ಗಟ್ಟಿ ಓಟು ಇಲ್ಲವೇ ಇಲ್ಲ ಎನ್ನಲಾರೆ. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ರೈತ ಸಂಘದ ಪುಟ್ಟಣ್ಣಯ್ಯ 2013ರಲ್ಲಿ ಗೆದ್ದರು, 2023ರಲ್ಲಿ ಮಗ ದರ್ಶನ್ ಗೆದ್ದರು, ಕಾಂಗ್ರೆಸ್ ಬೆಂಬಲವೂ ಇತ್ತೆನ್ನಿ. ಅಲ್ಲಿ ಹಳ್ಳಿಹಳ್ಳಿಯಲ್ಲಿ ಹಸಿರು ಶಾಲಿನವರು ಚುನಾವಣೆ ಇಲ್ಲದ ವರ್ಷವೂ ಕಾಣಿಸುತ್ತಾರೆ. ಆ ಓಟು ನಿಂತಿರುವುದು ಅದರ ಮೇಲೆ ಎಂಬುದು ನನ್ನ ಅಂದಾಜು.

ಈಗ ಬರುವವರೆಲ್ಲ ಹೇಳುವುದು 2024ರ ಲೋಕಸಭೆಯ ಲೆಕ್ಕ. ದಾವಣಗೆರೆಯಲ್ಲಿ ಗೆಲುವಿನ ಅಂತರ ಸುಮಾರು 26 ಸಾವಿರ, ಪಕ್ಷೇತರ ಜಿ.ಬಿ. ವಿನಯ್ ಕುಮಾರ್ ಪಡೆದದ್ದು 40 ಸಾವಿರಕ್ಕೂ ಹೆಚ್ಚು. ಹೌದು, ದೊಡ್ಡ ಅಂಕಿಯೇ. ಆದರೆ ಒಮ್ಮೆ ಬಿದ್ದ ಓಟು ಎರಡನೇ ಸಲವೂ ಬಿದ್ದಾಗಲೇ ನಾನು ಅದನ್ನು ಗಟ್ಟಿ ಎಂದು ಬರೆಯುವುದು.

ದೋಸೆ ಮುಗಿಯುವ ಹೊತ್ತಿಗೆ ಆಕಾಂಕ್ಷಿಯವರು ಸ್ವಲ್ಪ ಮೆತ್ತಗಾಗಿದ್ದರು. "ಹಂಗಾದ್ರೆ ಎಷ್ಟು ಜನರನ್ನ ಕೇಳ್ಬೇಕು ಸಾರ್?" ನಿಮ್ಮ ಬೆಂಬಲಿಗರೇ 400 ಸಿಗಬೇಕೆಂದರೆ ಒಟ್ಟು 4,000 ಜನರನ್ನು ಕೇಳಬೇಕಾಗುತ್ತದೆ ಅಂದೆ. ಖರ್ಚನ್ನೂ ಹೇಳಿದೆ. "ಯೋಚನೆ ಮಾಡಿ ಫೋನ್ ಮಾಡ್ತೀನಿ" ಎಂದು ಬಿಲ್ಲು ತಾವೇ ಕೊಟ್ಟು ಎದ್ದರು.

ಫೋನ್ ಬರಲಿಲ್ಲ. ಮೊನ್ನೆ ಅವರ ವಾಟ್ಸಾಪ್ ಸ್ಟೇಟಸ್ ನೋಡಿದೆ. ಹತ್ತು ಇದ್ದದ್ದು ಹದಿನೈದಾಗಿತ್ತು.