ಬಿಸಿಲನ್ನು ತಡಮಾಡಿಸುವ ಕಲ್ಲಿನ ಗೋಡೆ

ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗಲೂ ಕಲಬುರಗಿ, ಬಾಗಲಕೋಟೆ ಸೀಮೆಯ ಹಳೆಯ ಕಲ್ಲಿನ ಮನೆಗಳ ಪಡಸಾಲೆ ತಂಪಾಗಿರುವುದನ್ನು ಕಂಡವರು ‘ಕಲ್ಲಿನ ಗುಣವೇ ತಂಪು’ ಎಂದು ಹೇಳಿ ಸುಮ್ಮನಾಗುತ್ತಾರೆ. ಈ ನಂಬಿಕೆಯಿಂದಲೇ ಇಂದು ಆರಿಂಚಿನ ಗೋಡೆಗೆ ತೆಳು ಕಲ್ಲು ಅಂಟಿಸಿ ತಂಪನ್ನು ನಿರೀಕ್ಷಿಸುವವರೂ ಇದ್ದಾರೆ. ವಾಸ್ತವದಲ್ಲಿ ಶಹಾಬಾದಿನ ಸುಣ್ಣಕಲ್ಲಾಗಲಿ ಬಾದಾಮಿಯ ಮರಳುಗಲ್ಲಾಗಲಿ ಶಾಖವನ್ನು ಸಾಗಿಸುವುದರಲ್ಲಿ ಸುಟ್ಟ ಇಟ್ಟಿಗೆಗಿಂತ ಚುರುಕು. ಆ ಮನೆಗಳನ್ನು ಕಾಯುತ್ತಿರುವುದು ಗೋಡೆಯ ದಪ್ಪ.

ಹೊರಗೊಂದು ಸಾಲು, ಒಳಗೊಂದು ಸಾಲು ಕಲ್ಲು, ನಡುವೆ ಚಕ್ಕೆಗಲ್ಲು ಮತ್ತು ಮಣ್ಣು ತುಂಬಿ ಎದ್ದ ಈ ಗೋಡೆಗಳು ಎರಡಡಿಯೋ ಅದಕ್ಕಿಂತ ಹೆಚ್ಚೋ ದಪ್ಪವಿರುತ್ತವೆ. ಹಗಲು ಕಾದು ರಾತ್ರಿ ಆರುವ ಹೊರಮೈಯಿಂದ ಶಾಖವು ಕೆರೆಯ ಅಲೆಯಂತೆ ಕುಗ್ಗುತ್ತಾ ಒಳಕ್ಕೆ ಸಾಗುತ್ತದೆ. ಸುಮಾರು 16 ಸೆಂಟಿಮೀಟರ್ ದಾಟುವಷ್ಟರಲ್ಲಿ ಅದರ ಏರಿಳಿತ ಮೂರನೇ ಒಂದು ಪಾಲಿನಷ್ಟಕ್ಕೆ ಇಳಿದು, ಅಲೆಯೂ ಹತ್ತಿರ ಹತ್ತಿರ ನಾಲ್ಕು ಗಂಟೆ ತಡವಾಗುತ್ತದೆ. ಮುಂದಿನ ಅಷ್ಟೇ ದೂರದಲ್ಲಿ ಉಳಿದದ್ದೂ ಹಾಗೆಯೇ ಕುಗ್ಗುತ್ತದೆ. ಹೀಗಾಗಿ ಹೊರಮೈಯಲ್ಲಿ 20 ಡಿಗ್ರಿ ಇದ್ದ ಏರಿಳಿತ, 60 ಸೆಂಟಿಮೀಟರ್ ದಾಟಿ ಒಳಮೈಗೆ ಬರುವಾಗ ಒಂದು ಡಿಗ್ರಿಯೂ ಉಳಿಯುವುದಿಲ್ಲ. ಮಧ್ಯಾಹ್ನ ಎರಡರ ಬಿಸಿಲು ಒಳಗೆ ತಲುಪುವುದು ನಸುಕಿನ ನಾಲ್ಕಕ್ಕೆ.

ಇದರ ಇನ್ನೊಂದು ಮುಖವೂ ಉಂಟು. ರಾತ್ರಿ ಹೊರಗೆ ಗಾಳಿ ತಣ್ಣಗಾದರೂ ಗೋಡೆ ಬೇಗನೆ ಆರುವುದಿಲ್ಲವಾದ್ದರಿಂದ, ಬೆಳಕಿಂಡಿಯಿಂದ ಬಿಸಿಗಾಳಿ ಮೇಲಕ್ಕೆ ಹೋದರೂ ಒಳಗೆ ಧಗೆ ಉಳಿಯುತ್ತದೆ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತಿದ್ದುದು ಇದಕ್ಕೇ.

ಜೋಳ ತುಂಬಿಡುವ ಹಗೇವು ಇದೇ ಲೆಕ್ಕವನ್ನು ನೆಲದೊಳಗೆ ಬಳಸುತ್ತದೆ. ದಿನದ ಬಿಸಿಲು ಅಷ್ಟು ಆಳಕ್ಕೆ ಇಳಿಯುವುದೇ ಇಲ್ಲ. ಬಾಯಿಯನ್ನು ಕಲ್ಲಿಟ್ಟು ಮಣ್ಣಿನಿಂದ ಮೆತ್ತಿದ ಮೇಲೆ, ಕಾಳೂ ಅದರೊಳಗಿನ ಹುಳುಗಳೂ ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಹಗೇವು ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಬೀಳುವುದಕ್ಕೂ ಇದೇ ಕಾರಣ. ಅದನ್ನು ದೆವ್ವದ ಕಾಟವೆನ್ನುವುದು ಜೀವಕ್ಕೇ ಅಪಾಯ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ನಿಂತಿರುತ್ತದೆ. ಬಾಯಿ ತೆರೆದು, ಒಳಗೆ ಚೆನ್ನಾಗಿ ಗಾಳಿಯಾಡಿದ ಮೇಲೆಯೇ, ಮೇಲೊಬ್ಬರು ಕಾವಲಿರುವಾಗ ಮಾತ್ರ ಇಳಿಯಬೇಕು.