ಗೇರ್ ಬಾಕ್ಸ್ ಬಿಚ್ಚುವ ಮೊದಲು

ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದ ಕಾರನ್ನು ತಂದು ನಿಲ್ಲಿಸಿ ಅನೇಕರು ಹೇಳುವುದು ಒಂದೇ ಮಾತು: "ಹೋದ ವರ್ಷವಷ್ಟೇ ಕ್ಲಚ್ ಹಾಕಿಸಿದ್ದೆ ಸರ್, ಮತ್ತೆ ಅದೇ ತೊಂದರೆ." ಬಿಚ್ಚಿದ ಹಳೆಯ ಕ್ಲಚ್ ಪ್ಲೇಟ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಗೇರ್ ಬಾಕ್ಸಿಗೆ ದಾಟಿಸುವ ತಟ್ಟೆ, ಎಲ್ಲಿದೆ ಎಂದು ಕೇಳಿದರೆ ಗೊತ್ತಿರುವುದಿಲ್ಲ. ಅದನ್ನು ಕೇಳಿ ಪಡೆಯಬೇಕು. ದುಡ್ಡು ಕೊಟ್ಟವರ ಹಕ್ಕು ಅದು, ಮುಂದಿನ ದುರಸ್ತಿಗೆ ಸುಳಿವೂ ಅದರಲ್ಲೇ ಇರುತ್ತದೆ.

ಪ್ಲೇಟಿಗೆ ಎಣ್ಣೆ ಮೆತ್ತಿದ್ದರೆ ತಪ್ಪು ಪ್ಲೇಟಿನದಲ್ಲ. ಮೂಗಿನ ಹತ್ತಿರ ಹಿಡಿದು ನೋಡಿ. ಗಂಧಕದ ಘಾಟು ಬಂದರೆ ಅದು ಗೇರ್ ಆಯಿಲ್, ಗೇರ್ ಬಾಕ್ಸಿಗೆ ಶಕ್ತಿ ಒಯ್ಯುವ ಇನ್‌ಪುಟ್ ಶಾಫ್ಟಿನ ಸೀಲ್ ಸೋರುತ್ತಿರಬೇಕು. ಘಾಟಿಲ್ಲದೆ ಕಪ್ಪಾಗಿದ್ದರೆ ಎಂಜಿನ್ ಆಯಿಲ್. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ಸೀಲನ್ನು ನೋಡಬೇಕು. ಕೆಲವು ನೂರು ರೂಪಾಯಿ ಉಳಿಸಲು ಹಳೆಯ ಸೀಲ್ ಬಿಟ್ಟು ಹೊಸ ಪ್ಲೇಟ್ ಕೂರಿಸಿದರೆ ಅದೂ ನೆನೆದು ಜಾರುತ್ತದೆ. ಕ್ಲಚ್ ಪ್ಲೇಟ್ ಅಂಟಿಕೊಂಡು ತಿರುಗುವ ಎಂಜಿನ್ನಿನ ಚಕ್ರವಾದ ಫ್ಲೈವೀಲ್ ಮೇಲೆ ಕಾದು ನೀಲಿಗಟ್ಟಿದ ಕಲೆಗಳಿದ್ದರೂ ಹಾಗೆಯೇ ಬಿಟ್ಟರೆ, ಹೊಸ ಕ್ಲಚ್ ಮೊದಲ ದಿನದಿಂದಲೇ ನಡುಗುವುದುಂಟು. ಈ ಕೆಲಸದಲ್ಲಿ ದೊಡ್ಡ ಕೂಲಿ ಹೋಗುವುದು ಗೇರ್ ಬಾಕ್ಸ್ ಇಳಿಸಿ ಏರಿಸುವುದಕ್ಕೆ. ಒಮ್ಮೆ ಇಳಿಸಿದ ಮೇಲೆ ಸೀಲ್, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಎಲ್ಲವನ್ನೂ ಜೊತೆಗೇ ಮುಗಿಸಿಕೊಳ್ಳಿ.

ಗೇರ್ ಬೀಳುತ್ತಿಲ್ಲ ಎಂದ ಕೂಡಲೇ ಗೇರ್ ಪೆಟ್ಟಿಗೆಯನ್ನು ದೂರುವುದೂ ಸರಿಯಲ್ಲ. ಎಂಜಿನ್ ಆರಿಸಿ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಒದ್ದಾಡಿದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಸವೆದ ಕೇಬಲ್, ಹೈಡ್ರಾಲಿಕ್ ಸಿಲಿಂಡರಿನ ಸೋರಿಕೆ, ಪೈಪಿನಲ್ಲಿ ಸೇರಿದ ಗಾಳಿ, ಇವನ್ನೆಲ್ಲ ಹೊರಗಿನಿಂದಲೇ ನೋಡಬಹುದು. ಶಬ್ದದ್ದೂ ಇದೇ ಬಗೆಯ ಲೆಕ್ಕ. ನ್ಯೂಟ್ರಲ್‌ನಲ್ಲಿ ಕೇಳುವ ಗುಂಯ್ಗುಡುವ ಸದ್ದು ಪೆಡಲ್ ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟಿನ ಬೇರಿಂಗ್. ಒತ್ತಿದಾಗ ಮಾತ್ರ ಕೇಳಿದರೆ ರಿಲೀಸ್ ಬೇರಿಂಗ್.

ಹಳೆಯ ಕಾರಿನ ಪ್ರತಿಯೊಂದು ದೋಷವನ್ನೂ ಸರಿಪಡಿಸಲೇಬೇಕೆಂದು ನಾನು ಹೇಳುವುದಿಲ್ಲ. ಮೂರರಿಂದ ಎರಡಕ್ಕೆ ಇಳಿಸುವಾಗ ಕರ್ರೆನ್ನುತ್ತದೆಯೇ? ಗೇರುಗಳ ವೇಗವನ್ನು ಹೊಂದಿಸುವ ಸಿಂಕ್ರೊನೈಸರ್ ರಿಂಗ್ ಸವೆದಿದೆ. ಹಿಂದಿನ ಲಾರಿ ಚಾಲಕರ ರೂಢಿಯಂತೆ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು, ಆಕ್ಸಿಲರೇಟರ್ ತುಸು ಒತ್ತಿ, ಮತ್ತೆ ಕ್ಲಚ್ ತುಳಿದು ಎರಡನೆಯದಕ್ಕೆ ಹಾಕಿದರೆ ಅದು ಸದ್ದಿಲ್ಲದೆ ಕೂರುತ್ತದೆ. ಹೀಗೆ ಬಹಳ ಕಾಲ ಓಡಿಸಬಹುದು. ಆದರೆ ಆಯಿಲ್ ಯಾವುದೆಂದು ಗಮನಿಸಿ: ಕೈಪಿಡಿಯಲ್ಲಿ ಜಿಎಲ್-4 ದರ್ಜೆಯ ಗೇರ್ ಆಯಿಲ್ ಎಂದಿದ್ದರೆ, "ಇನ್ನೂ ಒಳ್ಳೆಯದು" ಎಂಬ ಮಾತು ನಂಬಿ ಜಿಎಲ್-5 ಸುರಿಸಬೇಡಿ. ಅದರಲ್ಲಿ ಹೆಚ್ಚಿರುವ ಗಂಧಕ-ರಂಜಕದ ಸೇರ್ಪಡೆಗಳು ಹಿತ್ತಾಳೆಯ ರಿಂಗುಗಳಿಗೆ ಹಾನಿ ಮಾಡಬಲ್ಲವು.

ಆಟೊಮ್ಯಾಟಿಕ್ ಕಾರಿನವರು ಜೀವಮಾನಕ್ಕೆ ಸಾಕಾಗುವ ಆಯಿಲ್ ಎಂಬ ಮಾತಿನ ಭರವಸೆಯಲ್ಲಿ ಕೂರಬೇಡಿ. ಕಾವಿಗೆ ಆಯಿಲ್ ಕೆಡುತ್ತದೆ. ಸಿವಿಟಿಗೆ, ಅಂದರೆ ಹಂತಗಳಿಲ್ಲದೆ ವೇಗ ಬದಲಿಸುವ ಆಟೊಮ್ಯಾಟಿಕ್ ಪೆಟ್ಟಿಗೆಗೆ, ಅದರದೇ ದ್ರವ ಬೇಕು, ಬೇರೆಯದು ಸಲ್ಲದು.

ನಾನು ಎಂದೂ ಒಪ್ಪದ ದೋಷವೊಂದಿದೆ: ಓಡುತ್ತಿರುವಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿಯುವುದು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಳಿಯುವಾಗ ಕಾರನ್ನು ಹಿಡಿದಿಡುವುದು ಕೆಳಗಿನ ಗೇರು. ಅದು ಜಿಗಿದರೆ ಭಾರವೆಲ್ಲ ಆಗಲೇ ಕಾದ ಬ್ರೇಕಿನ ಮೇಲೆ ಬೀಳುತ್ತದೆ. ಕೆಲವರು ಲಿವರನ್ನು ಕೈಯಲ್ಲಿ ಒತ್ತಿ ಹಿಡಿದು ಘಾಟಿ ಇಳಿಯುತ್ತಾರೆ. ದಯವಿಟ್ಟು ಬೇಡ. ಮೊದಲು ಎಂಜಿನ್ನನ್ನು ಹಿಡಿದಿಡುವ ಮೌಂಟಿಂಗ್ ಮತ್ತು ಲಿವರನ್ನು ಗೇರ್ ಬಾಕ್ಸಿಗೆ ಜೋಡಿಸುವ ಲಿಂಕೇಜ್ ನೋಡಿಸಿ. ಅಗ್ಗದ ಪರಿಹಾರ ಅಲ್ಲಿಯೇ ಸಿಗುವುದುಂಟು. ಅವು ಸರಿಯಾಗಿದ್ದರೆ ಒಳಗಿನ ಹಲ್ಲುಗಳೋ ಗೇರ್ ಬದಲಿಸುವ ಫೋರ್ಕೋ ಸವೆದಿವೆ. ಆಗ ಶಿವಾಜಿನಗರದ ಗುಜರಿಯಿಂದ ಹಳೆಯ ಪೆಟ್ಟಿಗೆ ತರುವ ಯೋಚನೆ ಬರುವುದು ಸಹಜ. ತರುವುದಾದರೆ ಡ್ರೈನ್ ನಟ್ ಬಿಚ್ಚಿಸಿ ಉಳಿದ ಆಯಿಲ್ ನೋಡಿ. ಲೋಹದ ಚೂರುಗಳು ಕಂಡರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ.