ಗಾಲಿ ಬಿಚ್ಚಿ ಹಾಕಿದ ಮೇಲೆ ಕಾರಿಗೇನಾಯ್ತು?

ಪುಣೆಯ ಕಾತ್ರಜ್‌ನ ಹೊಸ ಸುರಂಗ ದಾಟಿ ವೇಗ ಹಿಡಿಯುವ ಹೊತ್ತಿಗೆ ಸ್ಟೀರಿಂಗ್ ನಡುಗಲು ಶುರುವಾಯಿತು. 80ರ ಆಸುಪಾಸಿನಲ್ಲಿ ಸಣ್ಣಗೆ, 90ಕ್ಕೆ ಹೋದರೆ ಕೈ ಜುಮ್ಮೆನ್ನುವಷ್ಟು. ಜೊತೆಗೆ ಕಾರು ಎಡಕ್ಕೆ ಬೇರೆ ಎಳೆಯುತ್ತಿತ್ತು. ಹಿಂದಿನ ದಿನವಷ್ಟೇ ಧಾಯರಿಯ ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ನಾಲ್ಕೂ ಗಾಲಿ ಬಿಚ್ಚಿಸಿ, ಹಿಂದಿನವನ್ನು ಮುಂದಕ್ಕೂ ಮುಂದಿನವನ್ನು ಹಿಂದಕ್ಕೂ ಹಾಕಿಸಿದ್ದೆ. ಹುಬ್ಬಳ್ಳಿಗೆ ಹೋಗುವ ಮುಂಚೆ ಟೈರು ಸಮನಾಗಿ ಸವೆಯಲಿ ಅಂತ. ಒಳ್ಳೇ ಶಕುನವೇ ಆಯ್ತು!

ಖೇಡ್ ಶಿವಾಪುರದ ಟೋಲ್ ಬರುವ ಮೊದಲೇ ಪಕ್ಕಕ್ಕೆ ನಿಲ್ಲಿಸಿ ಅಂಗಡಿಯವನಿಗೆ ಫೋನ್ ಮಾಡಿದೆ. 'ಅಲೈನ್‌ಮೆಂಟ್ ಕರೂನ್ ಘ್ಯಾ' ಅಂದ, ಗಾಲಿಗಳ ಕೋನ ಸರಿಮಾಡಿಸಿಕೊಳ್ಳಿ ಅಂತ. ಪುಣೆಗೆ ಬಂದಾಗಿನಿಂದ ಕಾರಿಗೆ ಏನೇ ಆದರೂ ನನ್ನ ಕಿವಿಗೆ ಮೊದಲು ಬೀಳುವ ಮಾತು ಇದೇ.

ಆದರೆ ಅಲೈನ್‌ಮೆಂಟ್ ಗಾಲಿಯಲ್ಲಿ ಇರುವುದಿಲ್ಲ. ಗಾಲಿ ಯಾವ ಕೋನದಲ್ಲಿ ನಿಲ್ಲಬೇಕು ಅಂತ ತೀರ್ಮಾನಿಸುವುದು ಒಳಗಿನ ಟೈ ರಾಡ್, ಸ್ಟ್ರಟ್, ಸಸ್ಪೆನ್ಷನ್ನಿನ ತೋಳುಗಳು. ನಾಲ್ಕು ನಟ್ಟು ಬಿಚ್ಚಿ ಮತ್ತೆ ಹಾಕಿದರೆ ಆ ಕೋನ ಬದಲಾಗುವುದಿಲ್ಲ. ಶಾಕ್ ಅಬ್ಸಾರ್ಬರ್ ಬದಲಿಸಿದ್ದರೆ, ಜಾಕನ್ನು ಎಲ್ಲೆಲ್ಲೋ ಕೊಟ್ಟು ಏನಾದರೂ ಬಗ್ಗಿಸಿದ್ದರೆ ಆ ಮಾತು ಬೇರೆ. ನನ್ನ ಕಾರಲ್ಲಿ ಕೈಯಾಡಿಸಿದ್ದು ಎರಡೇ ಕಡೆ. ಗಾಲಿ ಬಂದು ಹಬ್ಬಿಗೆ, ಅಂದರೆ ಅದನ್ನು ಹೊತ್ತು ತಿರುಗುವ ನಡುವಿನ ಲೋಹದ ಭಾಗಕ್ಕೆ, ಕೂರುವ ಜಾಗ ಒಂದು, ಯಾವ ಟೈರು ಎಲ್ಲಿದೆ ಅನ್ನುವುದು ಇನ್ನೊಂದು. ಹುಡುಕಬೇಕಾದ್ದೂ ಅಲ್ಲೇ, ಅಲ್ವಾ?

ಡಿಕ್ಕಿಯಿಂದ ನಟ್ಟು ಬಿಚ್ಚುವ ಪಾನಾ ತೆಗೆದೆ. ಹುಬ್ಬಳ್ಳಿಯಲ್ಲೂ ಪಾನಾ, ಪುಣೆಯಲ್ಲೂ ಪಾನಾ. ಇದೊಂದರಲ್ಲಿ ಭಾಷೆಯ ತಕರಾರಿಲ್ಲ. ಎಡಗಡೆ ಮುಂದಿನ ಗಾಲಿಯ ಒಂದು ನಟ್ಟು ಸಲೀಸಾಗಿ ಕಾಲು ಸುತ್ತು ತಿರುಗಿತು. ಎದೆ ಧಸಕ್ಕೆಂದಿತು. ಗಾಲಿ ಬಿಚ್ಚಿಸಿದ ಮೇಲೆ ನಡುಕ ಬಂದರೆ ಮೊದಲು ನೋಡಬೇಕಾದ್ದು ನಟ್ಟನ್ನೇ, ಅದೂ ನಿಂತಲ್ಲೇ. ಎಲ್ಲವನ್ನೂ ಬಿಗಿ ಮಾಡಿ, 40ರ ವೇಗದಲ್ಲಿ ವಾಪಸ್ ಮನೆಗೆ ಬಂದೆ.

ಕಾರಿನ ಭಾರವನ್ನು ಈ ನಟ್ಟುಗಳು ಕೂರುವ ಬೋಲ್ಟುಗಳು ಹೊತ್ತಿರುತ್ತವೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅವುಗಳ ಕೆಲಸ ಬೇರೆ. ಗಾಲಿಯನ್ನು ಹಬ್ಬಿಗೆ ಒತ್ತಿ ಹಿಡಿಯುವುದು. ಹಾಗೆ ಒತ್ತಿದ ಎರಡು ಲೋಹದ ಮುಖಗಳ ನಡುವಿನ ಘರ್ಷಣೆಯೇ ಭಾರ ಹೊರುತ್ತದೆ. ನನ್ನ ಕಾರಿಗೆ ನಟ್ಟಿನ ಬಿಗಿ 100 ನ್ಯೂಟನ್ ಮೀಟರ್. ಅಂದರೆ 33 ಸೆಂ.ಮೀ. ಉದ್ದದ ಪಾನಾದ ತುದಿಗೆ 30 ಕೆಜಿ ತೂಗುಹಾಕಿದಷ್ಟು. ಇಷ್ಟಕ್ಕೇ 12 ಮಿ.ಮೀ. ದಪ್ಪದ ಬೋಲ್ಟು ಹತ್ತಿರ ಹತ್ತಿರ 4 ಟನ್ ಬಲದಿಂದ ಗಾಲಿಯನ್ನು ಎಳೆದು ಹಿಡಿಯುತ್ತದೆ. ಪಾನಾದ ಮೇಲೆ ಹತ್ತಿ ಕುಣಿಯುವವರು ಇದರ ದುಪ್ಪಟ್ಟು ಬಿಗಿ ಮಾಡಿ, ಬೋಲ್ಟನ್ನೇ ಹಾಳು ಮಾಡುತ್ತಾರೆ.

ಈ ಬಲ ಬರುವುದು ಬೋಲ್ಟು ಸ್ಪ್ರಿಂಗಿನಂತೆ ಹಿಗ್ಗುವುದರಿಂದ. ಎಷ್ಟು ಹಿಗ್ಗುತ್ತದೆ? ಲೆಕ್ಕ ಹಾಕಿ ನೋಡಿದೆ: 0.07 ಮಿ.ಮೀ. ಒಂದು ಕೂದಲಿನ ದಪ್ಪ, ಅಷ್ಟೇ. ಇನ್ನು ಗಾಲಿಗೂ ಹಬ್ಬಿಗೂ ನಡುವೆ ಒಂದು ಚೂರು ಮಣ್ಣೋ ತುಕ್ಕಿನ ಚಕ್ಕೆಯೋ ಸಿಕ್ಕಿಕೊಂಡಿದೆ ಅನ್ನಿ. ಅಂಗಡಿಯಲ್ಲಿ ನಟ್ಟು ಬಿಗಿಯಾಗಿಯೇ ಕೂರುತ್ತದೆ. ನಾಲ್ಕಾರು ಕಿಲೋಮೀಟರ್ ಓಡಿದ ಮೇಲೆ ಆ ಚೂರು ಪುಡಿಯಾಗುತ್ತದೆ. ಕೂದಲಿನಷ್ಟು ಜಾಗ ತೆರವಾದರೂ ಸಾಕು, ಹಿಗ್ಗಿದ್ದೆಲ್ಲ ಕುಗ್ಗಿ ನಟ್ಟು ಸಡಿಲ. ಗಾಲಿ ಹಾಕಿಸಿ 50–100 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಿ ಅನ್ನುವುದು ಇದಕ್ಕೇ. ನಾನು ಈ ಮಾತನ್ನು ಸುಮ್ನೆ ಹೇಳುತ್ತಾರೆ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಆ ಗಾಲಿ ಬಿಚ್ಚಿದೆ. ಹಬ್ಬಿನ ಮುಖದ ತುಂಬ ಮಳೆಗಾಲದ ತುಕ್ಕು, ಕಡಲೆಪುಡಿ ಬಣ್ಣದ್ದು. ಒಂದು ಕಡೆ ಉಗುರಿನಷ್ಟಗಲದ ಚಕ್ಕೆ ಅಂಟಿಕೊಂಡಿತ್ತು. ಅದರ ಗುರುತು ಗಾಲಿಯ ಒಳಮುಖದಲ್ಲೂ ಒತ್ತಿ ಬಿದ್ದಿತ್ತು. ದಪ್ಪ 0.3 ಮಿ.ಮೀ. ಇದ್ದೀತು. ಇಷ್ಟಕ್ಕೇನಾಗುತ್ತದೆ ಅನ್ನಬೇಡಿ. ಹಬ್ಬಿನ ಮುಖ 12–13 ಸೆಂ.ಮೀ. ಅಗಲ, ನನ್ನ ಟೈರು 58 ಸೆಂ.ಮೀ. ಹಬ್ಬಿನ ಹತ್ತಿರದ ಓರೆ ಟೈರಿನ ಅಂಚಿಗೆ ಬರುವಾಗ ನಾಲ್ಕೈದು ಪಟ್ಟು ಜಾಸ್ತಿಯಾಗಿ, ಒಂದೂವರೆ ಮಿ.ಮೀ.ವರೆಗೆ ಓಲಾಡುತ್ತದೆ.

ಆದರೂ ನಡುಕ 80ರ ನಂತರವೇ ಯಾಕೆ? 90 ಕಿ.ಮೀ. ವೇಗದಲ್ಲಿ ಈ ಗಾಲಿ ಸೆಕೆಂಡಿಗೆ ಹೆಚ್ಚೂಕಡಿಮೆ 14 ಸಲ ಸುತ್ತುತ್ತದೆ. ಗಾಲಿಯ ಸಸ್ಪೆನ್ಷನ್ನಿಗೂ ಸ್ಟೀರಿಂಗಿಗೂ ತಮ್ಮದೇ ಒಂದು ಲಯವಿದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15. ಕೊಡ ಹೊತ್ತು ನಡೆಯುವಾಗ ಹೆಜ್ಜೆಯೂ ನೀರಿನ ಓಲಾಟವೂ ಒಂದೇ ತಾಳಕ್ಕೆ ಬಂದರೆ ನೀರು ತುಳುಕುತ್ತದಲ್ಲ, ಹಾಗೆ. ಗಾಲಿಯ ತೂಕ ಸುತ್ತಲೂ ಸಮನಾಗಲಿ ಅಂತ ಬ್ಯಾಲೆನ್ಸಿಂಗ್ ಮಾಡಿ ಅಂಟಿಸಿದ ಸೀಸದ ತುಂಡು ಬಿದ್ದುಹೋದರೂ ಇದೇ ಕಥೆ. ರಿಮ್ಮಿನಲ್ಲಿ 20 ಗ್ರಾಂ ವ್ಯತ್ಯಾಸವಿದ್ದರೆ 90ರಲ್ಲಿ ಸುಮಾರು 2.7 ಕೆಜಿ ಬಲ ಗಾಲಿಯನ್ನು ಜಗ್ಗುತ್ತದೆ. 45ರಲ್ಲಿ ಅದರ ಕಾಲು ಭಾಗ ಮಾತ್ರ. ನಡುಕ ಸ್ಟೀರಿಂಗಿನಲ್ಲಿದ್ದರೆ ಮುಂದಿನ ಗಾಲಿಯ ಮೇಲೆ, ಸೀಟಿನಲ್ಲಿದ್ದರೆ ಹಿಂದಿನದರ ಮೇಲೆ ಅನುಮಾನ ಪಡಿ.

ತಂತಿ ಬ್ರಷ್ಷಿನಿಂದ ಹಬ್ಬು ಉಜ್ಜಿದೆ. ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ, ಎದುರುಬದುರು ಬಿಗಿ ಮಾಡಿ, ಗಾಲಿ ನೆಲಕ್ಕಿಳಿದ ಮೇಲೆ ಪೂರ್ತಿ ಬಿಗಿದೆ. ನಡುಕ ಹೋಯಿತು. ಎಡಕ್ಕೆ ಎಳೆಯುವುದು ಹೋಗಲಿಲ್ಲ.

ನಮ್ಮ ರಸ್ತೆಗಳು ನೀರು ಹರಿಯಲೆಂದು ಮೀಟರಿಗೆ 2–2.5 ಸೆಂ.ಮೀ. ಎಡಕ್ಕೆ ಇಳಿಜಾರಿರುತ್ತವೆ, ಸ್ವಲ್ಪ ಎಡಕ್ಕೆ ಜಾರುವುದು ಸಹಜ. ಅದಕ್ಕೆ ಸಮತಟ್ಟಾದ ಖಾಲಿ ಜಾಗದಲ್ಲಿ ಓಡಿಸಿ ನೋಡಿದೆ. ಅಲ್ಲೂ ಎಡಕ್ಕೇ. ಗಾಳಿ ನೋಡಿದರೆ ಒಂದರಲ್ಲಿ 36, ಉಳಿದವುಗಳಲ್ಲಿ 30. ಸರಿಮಾಡಿದೆ. ಆದರೂ ಅಷ್ಟೇ.

ಉಳಿದದ್ದು ಟೈರು. ಕಟಿಂಗ್ ಚಹಾದ ಗ್ಲಾಸನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಉರುಳಿಸಿ. ನೇರ ಹೋಗದೆ ಕಿರಿದಾದ ತಳದ ಕಡೆಗೆ ತಿರುಗುತ್ತದೆ. ಕೆಲವು ರೇಡಿಯಲ್ ಟೈರುಗಳೂ ಕಣ್ಣಿಗೆ ಕಾಣದಷ್ಟು ಹೀಗೇ ಇರುತ್ತವೆ, ಒಳಗಿನ ಪಟ್ಟಿ ಒಂದಿಷ್ಟು ಆಚೀಚೆ ಕೂತಿರುತ್ತದೆ. ಹಿಂದಿನ ಗಾಲಿಯಲ್ಲಿರುವವರೆಗೆ ಅದರ ಹಟ ನಮಗೆ ತಿಳಿಯುವುದೇ ಇಲ್ಲ. ಮುಂದಕ್ಕೆ ಬಂತೋ, ಸ್ಟೀರಿಂಗ್ ಹಿಡಿದೆಳೆಯುತ್ತದೆ.

ಪತ್ತೆ ಮಾಡಲು ಯಂತ್ರ ಬೇಕಿಲ್ಲ. ಮುಂದಿನ ಎರಡು ಗಾಲಿಗಳನ್ನು ಎಡಬಲ ಅದಲುಬದಲು ಮಾಡಬೇಕು, ಬೇರೇನನ್ನೂ ಮುಟ್ಟಬಾರದು. ಟೈರಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಮಾತ್ರ ಹೀಗೆ ಮಾಡಬೇಡಿ, ಅದು ಒಂದೇ ದಿಕ್ಕಿಗೆ ಸುತ್ತಬೇಕಾದ ಟೈರು. ಎಳೆತ ಹಾಗೇ ಉಳಿದರೆ ತಪ್ಪು ಕಾರಿನದು, ಆಗ ಅಲೈನ್‌ಮೆಂಟಿಗೆ ಧಾರಾಳವಾಗಿ ದುಡ್ಡು ಕೊಡಿ. ದಿಕ್ಕು ಬದಲಾದರೆ ಟೈರಿನದು.

ಬದಲಿಸಿ ಹೊರಟೆ. ಕಾರು ಬಲಕ್ಕೆ ಎಳೆಯಿತು. ನಾನು ನಗುತ್ತಿದ್ದುದನ್ನು ನೋಡಿ ಪಕ್ಕದಲ್ಲಿದ್ದ ಹೆಂಡತಿ, 'ಇನ್ನೂ ಎಳೀತಿದೆಯಲ್ರೀ, ಇದಕ್ಕೇನು ಖುಷಿ?' ಅಂದಳು.

ಒಂದೊಂದನ್ನೇ ಹಿಂದಕ್ಕೆ ಹಾಕಿ ನೋಡಿ ತಂಟೆಕೋರ ಟೈರನ್ನು ಹಿಡಿದೆ. ಈಗ ಅದು ಹಿಂದೆ ಬಲಗಡೆ ಕೂತಿದೆ, ಮೇಲೆ ಚಾಕ್‌ಪೀಸಿನ ಗುರುತಿದೆ. ಮುಂದಿನ ಶನಿವಾರ ಹುಬ್ಬಳ್ಳಿಗೆ ಹೊರಟು, ಖಂಬಾಟ್ಕಿ ಘಾಟ್ ದಾಟಿ ಚಹಾಕ್ಕೆ ನಿಂತಾಗ ಹದಿನಾರೂ ನಟ್ಟುಗಳಿಗೆ ಪಾನಾ ಹಾಕಿ ನೋಡಿದೆ. ಒಂದೂ ಅಲುಗಲಿಲ್ಲ.